ಹದಿನೈದು ತುಂಬಿದ ಕಾರು: ರಿಪೇರಿಯೋ, ಬದಲಾವಣೆಯೋ?

ನಮ್ಮ ಮನೆಯ ಕಾರಿನ ಆರ್‌ಸಿ (ನೋಂದಣಿ ಪತ್ರ) ಅವಧಿ 2025ರ ಅಕ್ಟೋಬರ್‌ನಲ್ಲಿ ಮುಗಿಯುವುದಿತ್ತು. ಸಾವಿರ ಸಿಸಿಗೆ ಎರಡು ಸಿಸಿ ಕಡಿಮೆಯಿರುವ ಪೆಟ್ರೋಲ್ ಎಂಜಿನ್ನಿನ ಸಣ್ಣ ಕಾರು ಅದು. 2010ರಲ್ಲಿ ಹೊಸದಾಗಿ ಕೊಂಡದ್ದು. ಅಂದಿನಿಂದ ಉಡುಪಿಯಲ್ಲಿಯೇ ಇದೆ. ನವೀಕರಣಕ್ಕೆ ಮೊದಲು ಪೂರ್ತಿ ತಪಾಸಣೆ ಮಾಡಿಸಿದಾಗ ಗ್ಯಾರೇಜಿನವರು ಕೊಟ್ಟ ಎಸ್ಟಿಮೇಟ್ 68,000 ರೂಪಾಯಿ. ಅದೇ ವಾರ ಹಳೆಯ ಕಾರು ಕೊಳ್ಳುವವರೊಬ್ಬರು ಬಂದು ನೋಡಿ, ಇದ್ದ ಸ್ಥಿತಿಯಲ್ಲಿ ಒಂದು ಲಕ್ಷಕ್ಕಿಂತ ಹೆಚ್ಚು ಕೊಡಲಾಗದು ಎಂದರು. ಇನ್ನೊಂದೆಡೆ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಮೇಲಿನ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿದು, ಅದರ ಮೇಲಿದ್ದ ಸೆಸ್ ಕೂಡ ಹೋಗಿ, ಷೋರೂಮುಗಳಲ್ಲಿ ಜನ ತುಂಬಿದ್ದರು. ಬೆಂಗಳೂರಿನಲ್ಲಿರುವ ಭಾವ ಫೋನಿನಲ್ಲಿ, "ಎಪ್ಪತ್ತು ಸಾವಿರ ಅದಕ್ಕೆ ಹಾಕುವ ಬದಲು ಹೊಸದಕ್ಕೆ ಡೌನ್‌ಪೇಮೆಂಟ್ ಮಾಡಿ ಮಾರಾಯ್ರೇ" ಎಂದರು. ಕೇಳಿದವರೆಲ್ಲ ಹೆಚ್ಚುಕಡಿಮೆ ಇದನ್ನೇ ಹೇಳಿದರು.

ಆದರೂ ನಾವು ರಿಪೇರಿಯನ್ನೇ ಆರಿಸಿಕೊಂಡೆವು. ಹಳೆಯ ಕಾರಿನ ಮೇಲಿನ ಮಮತೆಯಿಂದಲ್ಲ, ಲೆಕ್ಕ ಹಾಕಿ, ತಳ ನೋಡಿ, ಆ ಕಾರಿನಲ್ಲಿ ಯಾರನ್ನು ಎಲ್ಲಿಗೆ ಕರೆದೊಯ್ಯುತ್ತೇವೆ ಎಂದು ಯೋಚಿಸಿ ಆರಿಸಿಕೊಂಡದ್ದು. ಇದೇ ಸಂದಿಗ್ಧದಲ್ಲಿರುವ ಕರಾವಳಿಯ ಮನೆಗಳು ಬಹಳ ಇರುವುದರಿಂದ ಆ ವಿವರಗಳನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಎಲ್ಲರೂ ಮೊದಲು ಮಾಡುವ ಲೆಕ್ಕವೆಂದರೆ ರಿಪೇರಿಯ ಬಿಲ್ಲನ್ನು ಕಾರಿನ ಮಾರಾಟ ಬೆಲೆಯ ಪಕ್ಕದಲ್ಲಿಟ್ಟು ನೋಡುವುದು. ಲಕ್ಷ ಬಾಳುವ ಕಾರಿಗೆ 68,000 ಹಾಕುವುದು ಮೂರ್ಖತನವೆಂದು ಆ ಲೆಕ್ಕ ಹೇಳುತ್ತದೆ. ಈ ಹೋಲಿಕೆಯೇ ಸರಿಯಲ್ಲವೆಂಬುದು ನನ್ನ ಖಚಿತ ಅಭಿಪ್ರಾಯ. ಮಾರುಕಟ್ಟೆಯವನು ಹೇಳುವ ಲಕ್ಷ ರೂಪಾಯಿ, ಆ ಕಾರಿನ ಹಿಂದುಮುಂದು ತಿಳಿಯದ ಒಬ್ಬ ಅಪರಿಚಿತ ತನ್ನ ಅಪಾಯವನ್ನೂ ಲಾಭವನ್ನೂ ಲೆಕ್ಕದಿಂದ ಕಳೆದು ಕೊಡಲು ಒಪ್ಪುವ ಬೆಲೆ. ಯಾವ ಸರ್ವಿಸ್ ಯಾವಾಗ ಆಯಿತು, ಎಲ್ಲಿ ಬಡಿಯಿತು, ಯಾವ ಭಾಗ ಕಂಪನಿಯದು, ಯಾವುದು ಲೋಕಲ್ ಎಂಬುದೆಲ್ಲ ಗೊತ್ತಿರುವ ನಮಗೆ ಅದರ ಬೆಲೆ ಬೇರೆಯೇ. ಆದ್ದರಿಂದ ಎಸ್ಟಿಮೇಟನ್ನು ಮಾರಾಟ ಬೆಲೆಯೊಂದಿಗಲ್ಲ, ಇನ್ನು ಮೂರು ವರ್ಷ ಇದೇ ಓಡಾಟಕ್ಕೆ ಬೇರೆ ಕಾರು ಇಟ್ಟುಕೊಂಡರೆ ಆಗುವ ಖರ್ಚಿನೊಂದಿಗೆ ಹೋಲಿಸಬೇಕು.

ಆ ಖರ್ಚನ್ನು ಒಮ್ಮೆ ಬಿಡಿಸಿ ನೋಡೋಣ. ಆರೂವರೆ ಲಕ್ಷ ರೂಪಾಯಿ ಎಕ್ಸ್-ಷೋರೂಂ ಬೆಲೆಯ ಒಂದು ಸಣ್ಣ ಕಾರನ್ನು ಇಟ್ಟುಕೊಳ್ಳಿ. ನಮ್ಮ ರಾಜ್ಯದಲ್ಲಿ ಐದರಿಂದ ಹತ್ತು ಲಕ್ಷದೊಳಗಿನ ಕಾರಿಗೆ ಜೀವಿತಾವಧಿ ತೆರಿಗೆ ಶೇಕಡಾ 14, ಆ ತೆರಿಗೆಯ ಮೇಲೆ ಮತ್ತೆ ಶೇಕಡಾ 11ರಷ್ಟು ಉಪಕರ. ಎರಡೂ ಸೇರಿ ಒಂದು ಲಕ್ಷದ ಮೇಲಾಗುತ್ತದೆ. ಇದು ಗಾಡಿ ರಸ್ತೆಗಿಳಿಯುವ ಮೊದಲೇ ಹೋಗುವ ಹಣ, ಬೇರೆ ಬಹುಪಾಲು ರಾಜ್ಯಗಳಿಗಿಂತ ಇಲ್ಲಿ ಹೆಚ್ಚು. ಇನ್ಶೂರೆನ್ಸ್, ನೋಂದಣಿ, ಅದು ಇದು ಎಂದು ಆನ್-ರೋಡ್ ಬೆಲೆ ಎಂಟು ಲಕ್ಷದ ಹತ್ತಿರ ಹೋಗುತ್ತದೆ. ಮೂರು ಲಕ್ಷ ಕೈಯಿಂದ ಹಾಕಿ ಐದು ಲಕ್ಷವನ್ನು ಶೇಕಡಾ 9ರ ಬಡ್ಡಿಗೆ ಐದು ವರ್ಷದ ಸಾಲವಾಗಿ ತೆಗೆದರೆ ತಿಂಗಳ ಕಂತು ಸುಮಾರು 10,380 ರೂಪಾಯಿ. ಮೊದಲ ಮೂರು ವರ್ಷಗಳಲ್ಲಿ ಕಟ್ಟುವ ಬಡ್ಡಿಯೇ ಸುಮಾರು ಒಂದು ಲಕ್ಷ. ಇನ್ನು ಸವಕಳಿ: ಇನ್ಶೂರೆನ್ಸಿನವರು ಐಡಿವಿ (ವಿಮೆಗೆಂದು ಕಾರಿಗೆ ಕಟ್ಟುವ ಬೆಲೆ) ಲೆಕ್ಕಕ್ಕೆ ಬಳಸುವ ಪಟ್ಟಿಯ ಪ್ರಕಾರ ಎರಡು ವರ್ಷ ದಾಟಿ ಮೂರರೊಳಗಿರುವ ಕಾರಿನ ಬೆಲೆಯಲ್ಲಿ ಶೇಕಡಾ 30 ಕಳೆಯುತ್ತಾರೆ, ಅಂದರೆ ಹೆಚ್ಚುಕಡಿಮೆ ಎರಡು ಲಕ್ಷ. ತೆರಿಗೆ, ಬಡ್ಡಿ, ಸವಕಳಿ ಈ ಮೂರೇ ಸೇರಿ ಮೂರು ವರ್ಷಕ್ಕೆ ನಾಲ್ಕು ಲಕ್ಷ. ಸರ್ವಿಸ್ ಮತ್ತು ವಿಮೆಯನ್ನು ನಾನು ಇದರಲ್ಲಿ ಸೇರಿಸಿಲ್ಲ.

ಹಳೆಯ ಕಾರಿನ ಕಡೆಯ ಲೆಕ್ಕವನ್ನು ಬೇಕೆಂದೇ ಕಠಿಣವಾಗಿ ಹಾಕಿದೆ. ಈಗಿನ 68,000, ನವೀಕರಣ ಶುಲ್ಕ 5,000, ಮುಂದಿನ ಮೂರು ವರ್ಷ ವರ್ಷಕ್ಕೆ 25,000ದಂತೆ ಮತ್ತೆ 75,000, ಅದರ ಮೇಲೆ ಮೂರು ವರ್ಷದ ಕೊನೆಗೆ ಕಾರಿಗೆ ಗುಜರಿ ಬೆಲೆಯೂ ಬಾರದೆಂದು ಇಟ್ಟುಕೊಂಡು ಈಗ ಸಿಗಬಹುದಾದ ಲಕ್ಷವನ್ನೂ ನಷ್ಟಕ್ಕೇ ಬರೆದೆ. ಎಲ್ಲ ಸೇರಿದರೂ ಎರಡೂವರೆ ಲಕ್ಷ ದಾಟಲಿಲ್ಲ. ಅಂದರೆ ಹಳೆಯದು ಎಷ್ಟೇ ಕೆಟ್ಟದಾಗಿ ನಡೆದುಕೊಂಡರೂ ಒಂದೂವರೆ ಲಕ್ಷ ಉಳಿಯುತ್ತದೆ. ತಿಂಗಳಿಗೆ ಎರಡು ಸಾವಿರ ಕಿಲೋಮೀಟರ್ ಓಡಿಸುವವರ ಲೆಕ್ಕ ಹೀಗೆ ಬರಲಾರದು; ಅವರಿಗೆ ಹೊಸ ಕಾರಿನ ಮೈಲೇಜೇ ಕಂತಿನ ಒಂದು ಪಾಲನ್ನು ಕಟ್ಟುತ್ತದೆ. ನಮ್ಮದು ಪೇಟೆ, ಮಣಿಪಾಲದ ಆಸ್ಪತ್ರೆ, ವಾರಕ್ಕೊಮ್ಮೆ ಬ್ರಹ್ಮಾವರ ಅಥವಾ ಕಾಪು, ಇಷ್ಟರ ಓಡಾಟ.

ಸೆಕೆಂಡ್ ಹ್ಯಾಂಡ್ ಕಾರಿನ ಯೋಚನೆಯೂ ಬಂತು. ನಾಲ್ಕೈದು ವರ್ಷ ಹಳೆಯ ಕಾರು ಮೂರೂವರೆ, ನಾಲ್ಕು ಲಕ್ಷಕ್ಕೆ ಸಿಗುತ್ತದೆ; ಮೊದಲ ವರ್ಷಗಳ ಸವಕಳಿಯ ಪೆಟ್ಟನ್ನು ಬೇರೆಯವರು ತಿಂದಿರುತ್ತಾರೆ. ಲೆಕ್ಕದ ದೃಷ್ಟಿಯಿಂದ ಇದು ಒಳ್ಳೆಯ ದಾರಿಯೇ. ಆದರೆ ಅಂತಹ ಕಾರಿಗೂ ಕೊಂಡ ಆರು ತಿಂಗಳೊಳಗೆ ಟಯರು, ಬ್ಯಾಟರಿ, ಕ್ಲಚ್ ಎಂದು ಏನಾದರೊಂದು ಬಂದೇ ಬರುತ್ತದೆ. ಗೊತ್ತಿರುವ ಹಳೆಯ ಕಾರಿನ ರಿಪೇರಿಗೆ ಹೆದರಿ, ಗೊತ್ತಿಲ್ಲದ ಇನ್ನೊಂದು ಹಳೆಯ ಕಾರಿನ ರಿಪೇರಿಯನ್ನು ಮನೆಗೆ ತರುವಂತಾಗಬಾರದು. ಎಸ್ಟಿಮೇಟ್ ಕಾಗದವನ್ನು ಮುಂದಿಟ್ಟುಕೊಂಡು ಒಂದೊಂದೇ ಸಾಲನ್ನು ಓದಬೇಕಾದದ್ದು ಇದಕ್ಕಾಗಿಯೇ.

ನಮ್ಮ ಎಸ್ಟಿಮೇಟಿನಲ್ಲಿ ಕ್ಲಚ್ ಸೆಟ್ಟಿಗೆ ಲೇಬರ್ ಸೇರಿ 8,500, ಮುಂದಿನ ಶಾಕ್ ಅಬ್ಸಾರ್ಬರ್, ಲೋವರ್ ಆರ್ಮಿನ ಬುಷ್ ಮತ್ತು ಲಿಂಕ್ ರಾಡುಗಳಿಗೆ 13,000, ರೇಡಿಯೇಟರು ಹಾಗೂ ಅದರ ಹೋಸುಗಳಿಗೆ 6,500, ಎಸಿಯ ಕೂಲಿಂಗ್ ಕಾಯಿಲ್ ಬದಲಿಸಿ ಗ್ಯಾಸ್ ತುಂಬಲು 9,000, ನಾಲ್ಕು ಟಯರುಗಳಿಗೆ 14,000, ಕೊನೆಗೆ ತುಕ್ಕು ತೆಗೆದು ವೆಲ್ಡಿಂಗ್, ಟಿಂಕರಿಂಗ್, ಪೇಂಟಿಂಗ್ ಮಾಡಲು 17,000 ಎಂದಿತ್ತು. ಇದರಲ್ಲಿ ಟಯರು, ಕ್ಲಚ್, ಶಾಕ್ ಅಬ್ಸಾರ್ಬರುಗಳು ಸವೆಯಲೆಂದೇ ಇರುವ ಭಾಗಗಳು. ಐದು ವರ್ಷದ ಕಾರಿಗೂ ಅವು ಬರುತ್ತವೆ, ಒಮ್ಮೆ ಹಾಕಿದರೆ ಮತ್ತೆ ಹಲವು ವರ್ಷ ನೋಡಬೇಕಿಲ್ಲ. ಅವು ಹಾಳಾದದ್ದು ಕಾರಿಗೆ ವಯಸ್ಸಾದುದರ ಗುರುತಲ್ಲ, ಓಡಿದುದರ ಗುರುತು. ರೇಡಿಯೇಟರು ಮತ್ತು ಎಸಿ ಕಾಯಿಲ್ಲು ವಯಸ್ಸಿನ ಕಾಯಿಲೆಗಳು ನಿಜ, ಆದರೆ ಬಿಚ್ಚಿ ಹೊಸದನ್ನು ಕೂರಿಸಿದರೆ ಅಲ್ಲಿಗೆ ಮುಗಿಯುತ್ತದೆ. ನನ್ನ ನಿದ್ದೆಗೆಡಿಸಿದ್ದು ಕೊನೆಯ ಸಾಲೊಂದೇ.

ನಮ್ಮ ಮೆಕ್ಯಾನಿಕ್ ಮೂವತ್ತು ವರ್ಷದಿಂದ ಇದೇ ಕೆಲಸದಲ್ಲಿರುವವರು. ಎಂಜಿನ್ ಇನ್ನೆಷ್ಟು ಬರಬಹುದು ಎಂದು ನಾನು ಕೇಳಿದಾಗ ಅವರು, "ಎಂಜಿನ್‌ಗೆ ಎಂತ ಆಗ್ಲಿಲ್ಲ ಸರ್, ಅದು ಓಡ್ತದೆ. ಮೊದ್ಲು ಅಡಿ ನೋಡ್ಬೇಕು" ಎಂದು ಕಾರನ್ನು ಲಿಫ್ಟಿಗೆ ಏರಿಸಿದರು. ಕರಾವಳಿಯ ಕಾರಿನ ವಿಷಯದಲ್ಲಿ ಇದಕ್ಕಿಂತ ಸರಿಯಾದ ಮಾತನ್ನು ನಾನು ಕೇಳಿಲ್ಲ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ, ಉಳಿದ ತಿಂಗಳುಗಳಲ್ಲಿ ಉಪ್ಪಿನಂಶದ ಗಾಳಿ ಬೀಸುವ ಊರಿನಲ್ಲಿ ಕಾರಿನ ಆಯುಸ್ಸನ್ನು ಕಿಲೋಮೀಟರಿನಲ್ಲಿ ಅಳೆಯಲಾಗದು. ಅದು ಎಷ್ಟು ಮಳೆಗಾಲ ಕಂಡಿದೆ, ಎಲ್ಲಿ ನಿಂತು ಕಂಡಿದೆ ಎಂಬುದರಲ್ಲೇ ಅಳೆಯಬೇಕು.

ಇಂದಿನ ಸಣ್ಣ ಕಾರುಗಳಿಗೆ ಲಾರಿ, ಜೀಪುಗಳಿಗಿರುವಂತಹ ಪ್ರತ್ಯೇಕ ಚಾಸಿಸ್ ಇಲ್ಲ. ತೆಳುವಾದ ಉಕ್ಕಿನ ತಗಡುಗಳನ್ನು ಮಡಚಿ, ಒಂದಕ್ಕೊಂದು ಸ್ಪಾಟ್ ವೆಲ್ಡ್ ಮಾಡಿ ಕಟ್ಟಿದ ದೇಹವೇ ಅದರ ಎಲುಬು. ಬಾಗಿಲಿನ ಕೆಳಗೆ ಉದ್ದಕ್ಕೂ ಹೋಗುವ ರನ್ನಿಂಗ್ ಬೋರ್ಡು, ನೆಲದ ತಗಡು, ಮುಂದಿನ ಶಾಕ್ ಅಬ್ಸಾರ್ಬರಿನ ತಲೆ ಕೂರುವ ಜಾಗ, ಹಿಂದಿನ ಆಕ್ಸಲ್ ಬೋಲ್ಟ್ ಆಗುವ ಜಾಗ, ಸೀಟ್ ಬೆಲ್ಟಿನ ಕೆಳಗಿನ ತುದಿ ಬಿಗಿದಿರುವ ಜಾಗ, ಇವೆಲ್ಲ ಸೇರಿಯೇ ಡಿಕ್ಕಿಯಾದಾಗ ಒಳಗಿರುವವರನ್ನು ಕಾಯುವುದು. ರನ್ನಿಂಗ್ ಬೋರ್ಡು ಒಳಗೆ ಟೊಳ್ಳು. ಒಳಗೆ ಹೋದ ನೀರು ಹರಿದುಹೋಗಲು ಅದರ ಕೆಳ ಅಂಚಿನಲ್ಲಿ ಸಣ್ಣ ತೂತುಗಳಿರುತ್ತವೆ. ನಮ್ಮ ಕಡೆಯ ಮುರಕಲ್ಲಿನ ಕೆಂಪು ಮಣ್ಣು ಕೆಸರಾಗಿ ಆ ತೂತುಗಳನ್ನು ಮುಚ್ಚಿಬಿಟ್ಟರೆ ಜೂನ್‌ನಲ್ಲಿ ಒಳಹೊಕ್ಕ ನೀರು ನವೆಂಬರ್‌ವರೆಗೂ ಅಲ್ಲೇ ತೇವವಾಗಿರುತ್ತದೆ. ತುಕ್ಕು ಒಳಗಿನಿಂದ ಹೊರಕ್ಕೆ ಬರುತ್ತದೆ. ಗೆದ್ದಲು ಹಿಡಿದ ದಾರಂದದಂತೆ ಹೊರಗಿನ ಬಣ್ಣ ಕೊನೆಯವರೆಗೂ ಚೆನ್ನಾಗಿಯೇ ಕಾಣುತ್ತದೆ. ಹೊರಗಡೆ ಪೇಂಟ್ ಗುಳ್ಳೆಯೆದ್ದಿತೆಂದರೆ ಒಳಗಿನ ತಗಡು ಬಹುಪಾಲು ಹೋಗಿದೆಯೆಂದೇ ತಿಳಿಯಬೇಕು.

ಲಿಫ್ಟಿನ ಕೆಳಗೆ ನಿಂತು ಅವರು ಒಂದು ದೊಡ್ಡ ಸ್ಕ್ರೂಡ್ರೈವರಿನ ಹಿಡಿಯಿಂದ ತಳವನ್ನು ಉದ್ದಕ್ಕೂ ತಟ್ಟುತ್ತಾ ಹೋದರು. ಗಟ್ಟಿಯಿದ್ದಲ್ಲಿ ಟಣ್ ಎಂಬ ಸ್ಪಷ್ಟ ಸದ್ದು. ಎಡಗಡೆಯ ರನ್ನಿಂಗ್ ಬೋರ್ಡಿನ ಹಿಂಬದಿಗೆ ಬಂದಾಗ ಸದ್ದು ಮಂಕಾಯಿತು. ಹಿಡಿಯನ್ನು ತಿರುಗಿಸಿ ಮೊನೆಯಿಂದ ಒತ್ತಿದರು, ಮೊನೆ ಒಳಗೆ ಹೋಯಿತು, ಒಂದು ಹಿಡಿಯಷ್ಟು ಕಂದು ಹುಡಿ ಕೆಳಗೆ ಉದುರಿತು. ಸುಮಾರು ಒಂದು ಗೇಣು ಉದ್ದದ ಜಾಗ ಹಾಗಿತ್ತು. ನಂತರ ಒಳಗಿನ ಮ್ಯಾಟು, ಅದರಡಿಯ ಕಾರ್ಪೆಟ್ಟು ಎತ್ತಿ ಡ್ರೈವರ್ ಸೀಟಿನ ಕಾಲುಗಳು ಬೋಲ್ಟ್ ಆಗಿರುವ ಜಾಗ, ಸೀಟ್ ಬೆಲ್ಟಿನ ತುದಿ, ಬಾನೆಟ್ ಎತ್ತಿ ಎರಡೂ ಕಡೆಯ ಶಾಕ್ ಅಬ್ಸಾರ್ಬರಿನ ತಲೆಗಳು, ಹಿಂದಿನ ಚಕ್ರದ ಒಳಭಾಗ, ಹೀಗೆ ಎಲ್ಲವನ್ನೂ ನೋಡಿದೆವು. ಅಲ್ಲೆಲ್ಲ ಮೇಲ್ಮೈಯ ಕೆಂಪು ಬಿಟ್ಟರೆ ತಗಡು ಗಟ್ಟಿಯಾಗಿಯೇ ಇತ್ತು. ನಿರ್ಧಾರ ಆಗಿದ್ದು ಆ ಅರ್ಧ ಗಂಟೆಯಲ್ಲಿ. ಶಾಕ್ ಅಬ್ಸಾರ್ಬರಿನ ತಲೆಯ ಸುತ್ತ ಅಥವಾ ಹಿಂದಿನ ಆಕ್ಸಲ್ಲಿನ ಹಿಡಿತದಲ್ಲಿ ಅದೇ ಮೊನೆ ಒಳಗೆ ಹೋಗಿದ್ದರೆ ಎಂಜಿನ್ ಎಷ್ಟೇ ಚೆನ್ನಾಗಿದ್ದರೂ ನಾನು ಆ ಕಾರಿಗೆ ಇನ್ನೊಂದು ರೂಪಾಯಿ ಹಾಕುತ್ತಿರಲಿಲ್ಲ, ಇನ್ನೊಬ್ಬರಿಗೆ ಓಡಿಸಲು ಮಾರುತ್ತಲೂ ಇರಲಿಲ್ಲ.

ತುಕ್ಕಿನ ಕೆಲಸದಲ್ಲಿ ಎರಡು ಬಗೆಯಿದೆ, ಈ ವ್ಯತ್ಯಾಸವನ್ನು ಹಳೆಯ ಕಾರು ಕೊಳ್ಳುವವರೂ ರಿಪೇರಿ ಮಾಡಿಸುವವರೂ ತಿಳಿದಿರಬೇಕು. ಕೊಳೆತ ತಗಡನ್ನು ಗಟ್ಟಿ ಸಿಗುವವರೆಗೆ ಕತ್ತರಿಸಿ ತೆಗೆದು, ಅಷ್ಟೇ ದಪ್ಪದ ಹೊಸ ತಗಡನ್ನು ವೆಲ್ಡ್ ಮಾಡಿ, ಪ್ರೈಮರ್ ಹಚ್ಚಿ, ಟೊಳ್ಳಿನ ಒಳಗೆ ಮೇಣದಂತಹ ದ್ರವವನ್ನು ಸಿಂಪಡಿಸಿ, ನೀರು ಹೋಗುವ ತೂತುಗಳನ್ನು ತೆರೆದಿಡುವುದು ಒಂದು. ತೂತಿನ ಮೇಲೆ ಗಾರೆಯಂತಹ ಪಟ್ಟಿ (ಪುಟ್ಟಿ) ಮೆತ್ತಿ, ಉಜ್ಜಿ, ಬಣ್ಣ ಹೊಡೆದು, ತಳಕ್ಕೆಲ್ಲ ಕಪ್ಪು ಅಂಡರ್‌ಬಾಡಿ ಕೋಟಿಂಗ್ ಬಳಿದುಬಿಡುವುದು ಇನ್ನೊಂದು. ಎರಡನೆಯದು ಮೂರನೇ ಒಂದು ಪಾಲು ಖರ್ಚಿನಲ್ಲಿ ಆಗುತ್ತದೆ, ನೋಡಲು ಚೊಕ್ಕಟವಾಗಿಯೂ ಇರುತ್ತದೆ, ಕಪ್ಪು ಕೋಟಿಂಗಿನ ಹಿಂದೆ ತುಕ್ಕು ಯಾರ ಕಣ್ಣಿಗೂ ಬೀಳದೆ ಬೆಳೆಯುತ್ತಿರುತ್ತದೆ. ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋಗುವವರು ಒಂದು ಸಣ್ಣ ಅಯಸ್ಕಾಂತವನ್ನು ಬಟ್ಟೆಯಲ್ಲಿ ಸುತ್ತಿ ಜೇಬಿನಲ್ಲಿಟ್ಟುಕೊಂಡು ಹೋಗಬೇಕು. ಬಾಗಿಲಿನ ಕೆಳಭಾಗದಲ್ಲಿ ಅದು ಅಂಟದಿದ್ದರೆ ಅಲ್ಲಿರುವುದು ತಗಡಲ್ಲ, ಪಟ್ಟಿ. ನಾವು ಕತ್ತರಿಸಿ ವೆಲ್ಡ್ ಮಾಡುವ ಕೆಲಸವನ್ನೇ ಒಪ್ಪಿಸಿದೆವು. ಹೊಸ ತಗಡು ಕೂರಿಸಿ ಪ್ರೈಮರ್ ಹಚ್ಚುವ ಮೊದಲು ಒಮ್ಮೆ ಬಂದು ನೋಡುತ್ತೇನೆಂದು ಮೊದಲೇ ಹೇಳಿದ್ದೆ, ನೋಡಿದೆ. ಬಣ್ಣ ಹೊಡೆದ ಮೇಲೆ ಹೋಗಿ ನೋಡಿದರೆ ಏನೂ ತಿಳಿಯುವುದಿಲ್ಲ.

ಎಂಜಿನ್ನಿನ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಆಯಿಲ್ ಕುಡಿಯುತ್ತಿಲ್ಲ, ಕೂಲಂಟಿನಲ್ಲಿ ಆಯಿಲ್ ಬೆರೆತಿಲ್ಲ, ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ನೀಲಿ ಹೊಗೆಯಿಲ್ಲ, ಕಂಪ್ರೆಷನ್ ಸರಿಯಿದೆ. ಇವಿಷ್ಟಿದ್ದರೆ ಸಾಕು.

ಹದಿನೈದು ವರ್ಷವಾದ ಮೇಲೆ ಕಾರು ಓಡಿಸುವಂತೆಯೇ ಇಲ್ಲ ಎಂದು ನಂಬಿ ಗುಜರಿಗೆ ಕೊಟ್ಟವರನ್ನು ನಾನು ಬಲ್ಲೆ. ಅದು ದೆಹಲಿಯ ಸುದ್ದಿ ಇಲ್ಲಿಗೆ ಬಂದು ಆದ ಗೊಂದಲ. ಹತ್ತು ವರ್ಷ ಮೀರಿದ ಡೀಸೆಲ್, ಹದಿನೈದು ವರ್ಷ ಮೀರಿದ ಪೆಟ್ರೋಲ್ ವಾಹನಗಳು ಓಡಬಾರದೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕೊಟ್ಟ, 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದ ಆದೇಶ ರಾಷ್ಟ್ರ ರಾಜಧಾನಿ ಪ್ರದೇಶಕ್ಕೆ ಸಂಬಂಧಿಸಿದ್ದು. ಸರ್ಕಾರಿ ವಾಹನಗಳ ಮಾತು ಬೇರೆ, 2023ರ ಏಪ್ರಿಲ್‌ನಿಂದ ಅವುಗಳ ನೋಂದಣಿಯನ್ನು ಹದಿನೈದು ವರ್ಷದ ನಂತರ ನವೀಕರಿಸುವುದಿಲ್ಲ. ಕರ್ನಾಟಕದಲ್ಲಿ ಖಾಸಗಿ ಕಾರಿಗೆ ಹದಿನೈದು ವರ್ಷವಾದರೆ ಆರ್‌ಟಿಒದಲ್ಲಿ ತಪಾಸಣೆ ಮಾಡಿಸಿ, ಫಾರಂ 25 ಕೊಟ್ಟು, ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬಹುದು. 600 ರೂಪಾಯಿಯಿದ್ದ ಶುಲ್ಕವನ್ನು 2022ರ ಏಪ್ರಿಲ್ 1ರಿಂದ 5,000ಕ್ಕೆ ಏರಿಸಿದರು. 2025ರ ಆಗಸ್ಟ್‌ನಲ್ಲಿ ಬಂದ ಅಧಿಸೂಚನೆ ಇಪ್ಪತ್ತು ವರ್ಷ ದಾಟಿದ ಕಾರುಗಳಿಗೆ ಅದನ್ನು 10,000 ಮಾಡಿದೆ. ಅವಧಿ ಮುಗಿಯುವ ಮೊದಲೇ ಅರ್ಜಿ ಹಾಕಬೇಕು, ತಡವಾದರೆ ತಿಂಗಳಿಗೆ 500 ರೂಪಾಯಿ ಹೆಚ್ಚುವರಿ ಬೀಳುತ್ತದೆ.

ತಪಾಸಣೆಯ ದಿನ ಇನ್‌ಸ್ಪೆಕ್ಟರರು ಮೊದಲು ನೋಡುವುದು ಚಾಸಿಸ್ ನಂಬರು. ಅದರ ಮೇಲೆ ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿ ಅಚ್ಚು ತೆಗೆಯುತ್ತಾರೆ. ನಮ್ಮ ಕಾರಿನಲ್ಲಿ ಬಾನೆಟ್ ಎತ್ತಿದಾಗ ಎದುರು ಕಾಣುವ ಗೋಡೆಯ ಮೇಲೆ ಅದನ್ನು ಕೊರೆದಿದ್ದಾರೆ. ಕರಾವಳಿಯ ಕಾರುಗಳಲ್ಲಿ ಈ ಅಕ್ಷರಗಳ ಮೇಲೆಯೇ ತುಕ್ಕು ಕೂತು ಎಂಟು ಮೂರಾಗಿ, ಆರು ಸೊನ್ನೆಯಾಗಿ ಕಾಣುವುದುಂಟು. ಆಗ ಗಟ್ಟಿಮುಟ್ಟಾದ ಕಾರೂ ವಾಪಸು ಬರಬೇಕಾಗುತ್ತದೆ. ಮರಳು ಕಾಗದ ಹಾಕಿ ಉಜ್ಜಿದರೆ ಅಕ್ಷರವೇ ಸವೆದು ಅನುಮಾನಕ್ಕೆ ಎಡೆಯಾಗುತ್ತದೆ. ವಾರದ ಮೊದಲೇ ಸ್ವಲ್ಪ ಸೀಮೆಎಣ್ಣೆ ಅಥವಾ ತುಕ್ಕು ಬಿಡಿಸುವ ಸ್ಪ್ರೇ ಹಾಕಿ, ಮೆದುವಾದ ಬ್ರಷ್ಷಿನಿಂದ ತೆಗೆದು, ಒರೆಸಿ, ತೆಳುವಾಗಿ ಗ್ರೀಸ್ ಹಚ್ಚಿಡುವುದು ಒಳ್ಳೆಯದು. ಹಳೆಯ ಕಾರಿದ್ದವರೆಲ್ಲ ಪ್ರತಿ ಮಳೆಗಾಲದ ನಂತರ ಇದೊಂದನ್ನು ಮಾಡಲೇಬೇಕೆಂದು ನನ್ನ ಒತ್ತಾಯ. ಉಳಿದಂತೆ ಲೈಟು, ಬ್ರೇಕು, ಹಾರ್ನು, ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟು, ಚಾಲ್ತಿಯಲ್ಲಿರುವ ವಿಮೆ, ಹೊಗೆ ತಪಾಸಣೆಯ ಚೀಟಿ ಸರಿಯಿದ್ದರೆ ಕೆಲಸ ನಡೆಯುತ್ತದೆ.

ವಿಮೆಯ ಮಾತು ಬಂದದ್ದರಿಂದ ಹೇಳುತ್ತೇನೆ. ಹಳೆಯ ಕಾರಿನ ಪೂರ್ಣ ವಿಮೆಯಲ್ಲಿ ಒಂದು ಕೊಕ್ಕೆಯಿದೆ: ಅಪಘಾತದ ರಿಪೇರಿ ಐಡಿವಿಯ ಶೇಕಡಾ 75ನ್ನು ಮೀರಿದರೆ ಅದನ್ನು ಪೂರ್ಣ ನಷ್ಟವೆಂದೇ ಪರಿಗಣಿಸುತ್ತಾರೆ. ಐಡಿವಿ 80,000 ಇರುವ ಕಾರಿಗೆ ಮುಂದಿನ ಭಾಗ ಒಮ್ಮೆ ಚೆನ್ನಾಗಿ ಬಡಿದರೆ ಆ ಮಿತಿ ದಾಟಿಬಿಡುತ್ತದೆ. ರಬ್ಬರು, ಪ್ಲಾಸ್ಟಿಕ್ ಭಾಗಗಳಿಗೆ ಅರ್ಧ ಹಣವನ್ನು ನಾವೇ ಕೊಡಬೇಕು. ಅಂದರೆ ಇಂದು ಹಾಕಿದ 68,000 ನಾಳೆ ಒಂದು ಅಪಘಾತವಾದರೆ ವಿಮೆಯಿಂದ ಹಿಂದಕ್ಕೆ ಬರುವ ಹಣವಲ್ಲ. ಸಾವಿರ ಸಿಸಿಯೊಳಗಿನ ಕಾರಿಗೆ ಥರ್ಡ್ ಪಾರ್ಟಿ ಪ್ರೀಮಿಯಂ 2,094 ರೂಪಾಯಿ ಮತ್ತು ತೆರಿಗೆ, ಅದರೊಂದಿಗೆ ಮಾಲೀಕ-ಚಾಲಕನಿಗೆ 15 ಲಕ್ಷದ ಅಪಘಾತ ವಿಮೆ. ನಾವು ಇವೆರಡನ್ನೇ ಇಟ್ಟುಕೊಂಡೆವು.

ಇಷ್ಟೆಲ್ಲ ಲೆಕ್ಕ ರಿಪೇರಿಯ ಪರವಾಗಿಯೇ ಇದ್ದರೂ ನನ್ನನ್ನು ಬಹಳ ದಿನ ತಡೆದು ನಿಲ್ಲಿಸಿದ್ದು ಬೇರೆಯೇ ವಿಷಯ. ನಮ್ಮ ಕಾರಿನಲ್ಲಿ ಏರ್‌ಬ್ಯಾಗ್ ಇಲ್ಲ, ಎಬಿಎಸ್ (ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ವ್ಯವಸ್ಥೆ) ಇಲ್ಲ. 2010ರಲ್ಲಿ ಸಣ್ಣ ಕಾರಿನ ಕೆಳಗಿನ ಮಾದರಿಗಳಲ್ಲಿ ಅವು ಬರುತ್ತಿರಲಿಲ್ಲ, ಕಾನೂನು ಕೂಡ ಕೇಳುತ್ತಿರಲಿಲ್ಲ. ಎಲ್ಲ ಕಾರುಗಳಿಗೂ ಎಬಿಎಸ್ ಕಡ್ಡಾಯವಾದದ್ದು 2019ರ ಏಪ್ರಿಲ್‌ನಲ್ಲಿ, ಚಾಲಕನ ಏರ್‌ಬ್ಯಾಗ್ ಅದೇ ವರ್ಷದ ಜುಲೈಯಲ್ಲಿ, ಮುಂದಿನ ಎರಡೂ ಸೀಟುಗಳ ಏರ್‌ಬ್ಯಾಗ್ 2021 ಮುಗಿಯುವ ಹೊತ್ತಿಗೆ. ಭಾರತ್ ಎನ್‌ಕ್ಯಾಪ್ ಎಂಬ ನಮ್ಮದೇ ಡಿಕ್ಕಿ ಪರೀಕ್ಷೆ ಶುರುವಾದದ್ದು 2023ರ ಅಕ್ಟೋಬರ್‌ನಲ್ಲಿ. ಯಾವ ಗ್ಯಾರೇಜೂ ಹಳೆಯ ಕಾರಿಗೆ ಇವನ್ನು ಸೇರಿಸಿಕೊಡಲಾರದು. ಕ್ಲಚ್ಚು, ರೇಡಿಯೇಟರು, ತಗಡು ಎಲ್ಲಕ್ಕೂ ಬೆಲೆ ಹೇಳುವ ಎಸ್ಟಿಮೇಟ್ ಕಾಗದದಲ್ಲಿ ಈ ಕೊರತೆಯ ಸಾಲೇ ಇರುವುದಿಲ್ಲ. ಇಲ್ಲದಿರುವುದರಿಂದಲೇ ಮನೆಯ ಚರ್ಚೆಯಲ್ಲೂ ಅದು ಬರುವುದಿಲ್ಲ. ಹೊಸ ಕಾರು ಕೊಳ್ಳಲು ನನ್ನ ಮಟ್ಟಿಗೆ ಒಪ್ಪಬಹುದಾದ ಕಾರಣ ಇದೊಂದೇ, ಇದು ಬಹಳ ದೊಡ್ಡ ಕಾರಣ. ದಿನಾಲೂ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಮಂಗಳೂರಿಗೆ ಹೋಗಿ ಬರುವವರು, ಮಕ್ಕಳನ್ನು ಕೂರಿಸಿಕೊಂಡು ತಿಂಗಳಿಗೆರಡು ಸಲ ಘಟ್ಟ ಹತ್ತುವವರು ನನ್ನಲ್ಲಿ ಕೇಳಿದರೆ, ತಳ ಎಷ್ಟೇ ಗಟ್ಟಿಯಿದ್ದರೂ, ಒಂದೂವರೆ ಲಕ್ಷ ಉಳಿಯುತ್ತಿದ್ದರೂ, ಬದಲಿಸಿ ಎಂದೇ ಹೇಳುತ್ತೇನೆ. ಹಾಗೆ ಬದಲಿಸುವಾಗಲೂ ಟಚ್‌ಸ್ಕ್ರೀನ್, ಸನ್‌ರೂಫ್ ನೋಡದೆ ಡಿಕ್ಕಿ ಪರೀಕ್ಷೆಯ ಅಂಕ ನೋಡಿ ಎಂದು ಸೇರಿಸುತ್ತೇನೆ.

ನಮ್ಮ ಓಡಾಟ ಬಹುಪಾಲು ಪೇಟೆಯೊಳಗಿನ ನಲವತ್ತರ ವೇಗದ್ದು. ಅಮ್ಮನನ್ನು ಮಣಿಪಾಲಕ್ಕೆ ಕರೆದೊಯ್ಯುವುದು ಅದರಲ್ಲಿ ಮುಖ್ಯ. ಆದರೂ ವರ್ಷಕ್ಕೆ ಕೆಲವು ಸಲ ಆಗುಂಬೆ ಹತ್ತಿ ತೀರ್ಥಹಳ್ಳಿಗೆ, ಒಮ್ಮೊಮ್ಮೆ ಬೆಂಗಳೂರಿಗೆ ಹೋಗುವುದಿದೆ. ಹೆಂಡತಿಯೊಂದಿಗೆ ಕೂತು ಮಾತಾಡಿ ಒಂದು ತೀರ್ಮಾನಕ್ಕೆ ಬಂದೆವು: ಈ ಕಾರು ಇನ್ನು ಘಟ್ಟ ಹತ್ತುವುದಿಲ್ಲ, ರಾತ್ರಿ ಹೆದ್ದಾರಿಗೆ ಇಳಿಯುವುದಿಲ್ಲ. ದೂರಕ್ಕೆ ಹೋಗಬೇಕಾದಾಗ ಏರ್‌ಬ್ಯಾಗ್ ಇರುವ ಹೊಸ ಟ್ಯಾಕ್ಸಿ, ಇಲ್ಲವೇ ಬಸ್ಸು, ರೈಲು. ವರ್ಷದ ಟ್ಯಾಕ್ಸಿ ಬಾಡಿಗೆಯನ್ನು ಮೇಲಿನ ಲೆಕ್ಕಕ್ಕೆ ಸೇರಿಸಿದರೂ ಹೊಸ ಕಾರಿನ ಖರ್ಚನ್ನು ಮುಟ್ಟುವುದಿಲ್ಲ. "ನಮ್ಮದೇ ಕಾರಿದ್ದು ಬಾಡಿಗೆ ಕಾರಲ್ಲಿ ಹೋಗುವುದೆಂತದು" ಎಂದು ಅಮ್ಮ ಮೊದಲು ಬೇಸರಿಸಿಕೊಂಡರು. ಕಾರಣವನ್ನು ಬಿಡಿಸಿ ಹೇಳಿದ ಮೇಲೆ ಒಪ್ಪಿದರು.

ಪೆಟ್ರೋಲಿನ ವಿಷಯವನ್ನು ಕೆಲವರು ಕೇಳುತ್ತಾರೆ. ಈಗ ಬಂಕುಗಳಲ್ಲಿ ಸಿಗುವುದು ಶೇಕಡಾ 20 ಎಥನಾಲ್ ಬೆರೆಸಿದ್ದು. ನಮ್ಮ ಕಾರು ತಯಾರಾದ ಕಾಲಕ್ಕೆ ಅದರ ಯೋಚನೆ ಇರಲಿಲ್ಲ. ಇಂತಹ ಹಳೆಯ ಕಾರುಗಳಲ್ಲಿ ಮೈಲೇಜು ಶೇಕಡಾ 3ರಿಂದ 6ರಷ್ಟು ಕಡಿಮೆಯಾಗಬಹುದು, 20ರಿಂದ 30 ಸಾವಿರ ಕಿಲೋಮೀಟರಿನ ನಂತರ ಕೆಲವು ರಬ್ಬರ್ ಭಾಗ ಹಾಗೂ ಗ್ಯಾಸ್ಕೆಟ್ಟುಗಳನ್ನು ಬದಲಿಸಬೇಕಾಗಬಹುದು ಎಂದು ಪೆಟ್ರೋಲಿಯಂ ಸಚಿವಾಲಯವೇ 2025ರಲ್ಲಿ ಹೇಳಿದೆ. ಕಾರನ್ನು ಬಿಡುವಷ್ಟು ದೊಡ್ಡ ಕಾರಣ ಇದಲ್ಲ. ಆದರೆ ಪೆಟ್ರೋಲ್ ಹರಿಯುವ ಹೋಸು ಸೀಳಿದರೆ ಬೆಂಕಿಯ ಅಪಾಯವಿರುವುದರಿಂದ, ಎಸ್ಟಿಮೇಟಿನಲ್ಲಿ ಇಲ್ಲದಿದ್ದರೂ, ಟ್ಯಾಂಕಿನಿಂದ ಎಂಜಿನ್ನಿನವರೆಗಿನ ರಬ್ಬರ್ ಹೋಸುಗಳನ್ನೆಲ್ಲ ಹೊಸದಾಗಿ ಹಾಕಿಸಿದೆವು. ಹಳೆಯದನ್ನು ಬಗ್ಗಿಸಿ ನೋಡಿದಾಗ ಮೇಲ್ಮೈಯಲ್ಲಿ ಕೂದಲೆಳೆಯಂತಹ ಬಿರುಕುಗಳು ಕಂಡವು. ದೊಡ್ಡ ಖರ್ಚೇನೂ ಆಗಲಿಲ್ಲ.

ಕೆಲಸ ಮುಗಿಯುವಾಗ ಬಿಲ್ಲು ಎಸ್ಟಿಮೇಟಿಗಿಂತ ಮೂರು ಸಾವಿರ ಹೆಚ್ಚಾಗಿತ್ತು. ನವೀಕರಣವಾಗಿ 2030ರವರೆಗಿನ ಆರ್‌ಸಿ ಕೈಗೆ ಬಂದಿದೆ. ಹಾಗೆಂದು ಆ ಕಾರನ್ನು 2030ರವರೆಗೆ ಇಟ್ಟುಕೊಳ್ಳಲೇಬೇಕೆಂದು ನಾವು ಹಟ ಹಿಡಿದಿಲ್ಲ. ಪ್ರತಿ ವರ್ಷ ಮಳೆಗಾಲ ಮುಗಿದ ಕೂಡಲೇ ಲಿಫ್ಟಿಗೆ ಏರಿಸಿ ಅದೇ ಸ್ಕ್ರೂಡ್ರೈವರಿನ ತಪಾಸಣೆ ಮಾಡಿಸುವುದು. ಶಾಕ್ ಅಬ್ಸಾರ್ಬರಿನ ತಲೆ, ಹಿಂದಿನ ಆಕ್ಸಲ್, ಸೀಟ್ ಬೆಲ್ಟಿನ ಹಿಡಿತ, ಈ ಮೂರರಲ್ಲಿ ಎಲ್ಲಿಯಾದರೂ ತಗಡು ಮೆದುವಾಗಿದ್ದರೆ ಅಥವಾ ಎಂಜಿನ್, ಗೇರ್ ಬಾಕ್ಸ್ ಬಿಚ್ಚುವಂತಹ ಕೆಲಸ ಬಂದರೆ ಅಲ್ಲಿಗೆ ನಿಲ್ಲಿಸುವುದು. ಆಗ ಅದನ್ನು ನೋಂದಾಯಿತ ವಾಹನ ಗುಜರಿ ಕೇಂದ್ರಕ್ಕೇ ಕೊಡುತ್ತೇವೆ. ಬೀದಿಯ ಗುಜರಿಗಿಂತ ಅಲ್ಲಿ ಹಣ ಹೆಚ್ಚು ಸಿಗುತ್ತದೆಂದಲ್ಲ. ಅಲ್ಲಿ ಕೊಡುವ ಸರ್ಟಿಫಿಕೇಟ್ ಆಫ್ ಡೆಪಾಸಿಟ್ ಇದ್ದರೆ ಹೊಸ ಕಾರಿನ ನೋಂದಣಿ ಶುಲ್ಕ ಇರುವುದಿಲ್ಲ, ರಸ್ತೆ ತೆರಿಗೆಯಲ್ಲಿ ಶೇಕಡಾ 25ರವರೆಗೆ ರಿಯಾಯಿತಿ ಕೊಡಲು ಕೇಂದ್ರದ ನಿಯಮ ರಾಜ್ಯಗಳಿಗೆ ಅವಕಾಶ ಮಾಡಿದೆ, ಎಲ್ಲಕ್ಕಿಂತ ಮುಖ್ಯವಾಗಿ ನಮ್ಮ ಹೆಸರಿನ ಆರ್‌ಸಿ ಕ್ರಮವಾಗಿ ರದ್ದಾಗುತ್ತದೆ. ಹಳೆಯ ಕಾರನ್ನು ಕೈಬದಲು ಮಾಡಿ, ವರ್ಗಾವಣೆಯ ಕಾಗದ ಆಗದೆ, ವರ್ಷಗಳ ನಂತರ ಯಾರದೋ ಅಪಘಾತದ ನೋಟಿಸು ಹಿಂದಿನ ಮಾಲೀಕರ ಮನೆಗೆ ಬಂದ ಪ್ರಕರಣಗಳು ನಮ್ಮೂರಲ್ಲೇ ಇವೆ.

ಹೊಸ ಕಾರಿನ ಕಂತಿಗೆ ಹೋಗಬಹುದಾಗಿದ್ದ ಹತ್ತು ಸಾವಿರದಲ್ಲಿ ಆರು ಸಾವಿರವನ್ನು ತಿಂಗಳು ತಿಂಗಳು ಆರ್‌ಡಿಗೆ ಹಾಕಲು ಶುರುಮಾಡಿದ್ದೇವೆ. ಮುಂದಿನ ಕಾರಿನಲ್ಲಿ ಆರು ಏರ್‌ಬ್ಯಾಗ್ ಮತ್ತು ಇಎಸ್‌ಸಿ (ಕಾರು ಜಾರಿ ಹಿಡಿತ ತಪ್ಪದಂತೆ ನೋಡಿಕೊಳ್ಳುವ ವ್ಯವಸ್ಥೆ) ಇರಬೇಕೆಂಬುದು ಮಾತ್ರ ಮನೆಯಲ್ಲಿ ಈಗಲೇ ತೀರ್ಮಾನವಾಗಿದೆ. ಮಾದರಿ, ಬಣ್ಣ, ಪೆಟ್ರೋಲೋ ವಿದ್ಯುತ್ತೋ ಎಂಬುದನ್ನೆಲ್ಲ ಆ ಹೊತ್ತಿಗೆ ನೋಡಿಕೊಳ್ಳುತ್ತೇವೆ.